ಹೊಸ ಟೊಂಗೆಯ ಜೋಕಾಲಿ

ಹತ್ತರಗಿಯ ನಮ್ಮ ಮನೆಯ ಮುಂದೆ ಅಣ್ಣ ಮಾಳಪ್ಪ ನೀಲಗಿರಿ ಸಸಿ ನೆಟ್ಟದ್ದು ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾದ ಮೇಲೆ. ವನಮಹೋತ್ಸವದಲ್ಲಿ ಹಂಚಿದ್ದ ಸಸಿ ಅದು. ಆಡು ಬಾಯಿ ಹಾಕೀತೆಂದು ಸುತ್ತ ಜಾಲಿಮುಳ್ಳು ಕಟ್ಟಿದ. ಆಡುಗಳು ಎಲೆ ಮೂಸಿ ಸೀನಿ ಹೋದವು. ಆದರೂ ಅವನು ಮುಳ್ಳು ತೆಗೆಯಲಿಲ್ಲ. ಬೇಸಿಗೆಯಲ್ಲಿ ಕುರಿಗಳಿಗಿಂತ ಮೊದಲು ಅದಕ್ಕೆ ಒಂದು ಕೊಡ ನೀರು.

ಗಿಡ ಮನೆಯ ಮಾಡನ್ನು ದಾಟಿ ಬೆಳೆಯಿತು, ನೆರಳು ಮಾತ್ರ ಬೀಳಲಿಲ್ಲ. ನಾವು ಕುರುಬರು. ಜಾಲಿಯಾಗಲಿ ಬನ್ನಿಯಾಗಲಿ, ತಲೆ ಕಡಿದರೆ ಹರಡಿ ಚಿಗುರುತ್ತದೆ ಎಂಬುದು ನಮ್ಮ ಕೈಗೇ ಗೊತ್ತಿದ್ದ ಸಂಗತಿ. ಅಣ್ಣ ಇದರ ತಲೆಯನ್ನೂ ಎರಡಾಳೆತ್ತರದಲ್ಲಿ ಹಾರಿಸಿದ. ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ರಜೆಗೆ ಬಂದಾಗ, ಕಡಿದ ಬಾಯಿಯ ಸುತ್ತ ಕೆಂಪು ಚಿಗುರು ಕಿಕ್ಕಿರಿದಿತ್ತು. ಅಣ್ಣ ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದ.

ಆರು ವರ್ಷಗಳಲ್ಲಿ ಆ ಚಿಗುರುಗಳಲ್ಲೊಂದು ತೊಡೆಯಷ್ಟು ದಪ್ಪವಾಗಿ ಅಂಗಳದ ಮೇಲೆ ತಲಬಾಗಿಲಿನವರೆಗೆ ಚಾಚಿತು. ಆ ವರ್ಷ ಅಣ್ಣನ ಮಗಳು ಸತ್ತೆವ್ವ ಮದುವೆಯಾಗಿ ಮೂಡಲಗಿಗೆ ಹೋಗಿ, ಮೊದಲ ನಾಗರಪಂಚಮಿಗೆ ತವರಿಗೆ ಬಂದಳು. ಹಬ್ಬದ ಜೋಕಾಲಿ ತನ್ನ ಗಿಡಕ್ಕೇ ಎಂದು ಅಣ್ಣ ಹಟ ಹಿಡಿದ.

ಆಗ ಗೋಕಾಕದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು ಹಬ್ಬದ ಹಿಂದಿನ ದಿನ ಊರಿಗೆ ಬಂದು, ಏಣಿ ಹಾಕಿ ಹತ್ತಿ ನೋಡಿದೆ. ಹಳೆಯ ಕಡಿತದಲ್ಲಿ ಕಪ್ಪು ನೀರು ನಿಂತಿತ್ತು. ಬೆರಳು ಒತ್ತಿದರೆ ಕಟ್ಟಿಗೆ ನೆನೆದ ರೊಟ್ಟಿಯಂತೆ ಕಿತ್ತು ಬಂತು. ಹುಟ್ಟಿನಿಂದ ಬಂದ ಟೊಂಗೆಯ ಬುಡ ಕಾಂಡದ ನಡುವಿನವರೆಗೆ ಹೋಗಿರುತ್ತದೆ. ಇದು ತೊಗಟೆಯ ಕೆಳಗಿನಿಂದ ಎದ್ದದ್ದು, ಅದರ ಹಿಂದೆ ಇದ್ದದ್ದು ಕೊಳೆ.

"ಅಣ್ಣಾ, ಇದಕ್ಕ ಜೋಕಾಲಿ ಬ್ಯಾಡ. ಟೊಂಗಿ ದಪ್ಪ ಐತಿ ಖರೆ, ಹಿಡಕೊಂಡಿದ್ದು ಮ್ಯಾಲಿನ ಪದರಕ್ಕಷ್ಟ."

"ಗೋಕಾಕದ ಸಾಲ್ಯಾಗ ಹುಡುಗೂರ್ನ ಅಂಜಸು ಹೋಗು," ಎಂದ ಅಣ್ಣ. ಜೋಳ ತುಂಬಿದ ಎರಡು ಚೀಲ ತಂದು ಅದಕ್ಕೆ ತೂಗುಹಾಕಿದ. ಟೊಂಗೆ ಬಾಗಲೂ ಇಲ್ಲ.

ಬಾಜೂ ಮನೆಯ ಮುದಕವ್ವ ನಕ್ಕಳು. "ಮಾಸ್ತರ, ಇನ್ನ ನೀವೂ ಜೋತಬೀಳ್ರಿ, ಪರೀಕ್ಷಾ ಪೂರಾ ಆಗತೈತಿ!"

"ಚೀಲ ಜೀಕೂದಿಲ್ಲಬೇ," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂಚಮಿಯ ಬೆಳಗಿನಿಂದಲೇ ಗಾಳಿ. ಎಲೆಗಳ ಸದ್ದು ಮಳೆ ಬಂದಂತೆ ಕೇಳುತ್ತಿತ್ತು. ಓಣಿಯ ಹೆಣ್ಣುಮಕ್ಕಳು ಉಂಡಿ ತಿನ್ನುತ್ತ ಗಿಡದ ಕೆಳಗೆ ನೆರೆದರು. ನನ್ನ ಮುಖ ನೋಡಿ ಸತ್ತೆವ್ವ ಅಪ್ಪನಿಗೆ, "ಮೊದಲ ನೀ ಕುಂಡ್ರಪಾ, ಕಾಕಾನ ಅಂಜಿಕಿ ಹೋಗಲಿ," ಎಂದಳು.

ಅಣ್ಣ ಜೋಕಾಲಿಯಲ್ಲಿ ಕೂತ. ಅವಳು ನೂಕಿದಳು. "ಮಾಳಪ್ಪ ಹೊಸಾ ಸೊಸಿ ಆಗ್ಯಾನ ನೋಡ್ರೇ!" ಎಂದಳು ಮುದಕವ್ವ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಜೋಕಾಲಿ ಎತ್ತರಕ್ಕೆ ಹೋಗಿ ಮರಳುವಾಗ ಆ ನಗು ಅರ್ಧಕ್ಕೇ ನಿಂತಿತು. ಎರಡೂ ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಿ, ಕೂರುವ ಹಲಗೆ ಕಿತ್ತುಕೊಂಡ.

"ಹಗ್ಗ ಸವದೈತಿ," ಎಂದ, ಯಾರ ಮುಖವನ್ನೂ ನೋಡದೆ.

"ಹೊಸಾದು ಒಳಗ ಐತಲ್ಲ!" ಸತ್ತೆವ್ವ ಓಡಿದಳು.

ಅವನು ನನ್ನ ಹತ್ತಿರ ಬಂದ. ದನಿ ತಗ್ಗಿಸಿದ. "ಹಗ್ಗದಾಗ ಹಾದು ಕೈಗೆ ಬಂತೋ. ಟೊಂಗಿ ಒಳಗ ಬಟ್ಟಿ ಹರದಂಗ ಆತು."

"ಎಲ್ಲಾರಿಗೂ ಹೇಳು," ಎಂದೆ.

ಅವನು ಹೇಳಲಿಲ್ಲ. ಹೆಂಗಸರು ಅಲ್ಲೇ ಕೆಳಗೆ ಯಾರ ಪಾಳಿ ಮೊದಲೆಂದು ಜಗಳಾಡುತ್ತಿದ್ದರು. ಸತ್ತೆವ್ವ ಹೊಸ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಕಚ್ಚೆ ಬಿಗಿದು ಬಂದು ಹಲಗೆಗೆ ಕೈ ಹಾಕಿದಳು. ಅವನು ಬಿಡಲಿಲ್ಲ. ಅವಳು ನಗುತ್ತ ಎಳೆದಳು. "ಬಿಡಪಾ, ನನ್ನ ಪಾಳಿ. ಮೂಡಲಗ್ಯಾಗ ಎಲ್ಲಾರಿಗೂ ಹೇಳಿ ಬಂದೇನಿ, ನಮ್ಮಪ್ಪನ ಗಿಡಕ್ಕ ಜೀಕತೇನಿ ಅಂತ."

"ಗಿಡ ಕೆಟ್ಟೈತವ್ವಾ," ಎಂದ ಅಣ್ಣ. "ನಾನ ಕಡದು ಕೆಡಿಸೇನಿ. ಸರೀರಿ, ಎಲ್ಲಾರೂ ದೂರ ಸರೀರಿ."

ಮುದಕವ್ವ ಅವನ ಮುಖ ನೋಡಿ, ಹತ್ತಿರವಿದ್ದ ಹುಡುಗಿಯರ ಕೈ ಹಿಡಿದು ಎಳೆದಳು. ಎಲ್ಲರೂ ಅವಳ ಮನೆಯ ಕಟ್ಟೆಗೆ ಸರಿದರು.

ಟೊಂಗೆ ಮಾತ್ರ ತಲಬಾಗಿಲಿನ ಮೇಲೆಯೇ ಚಾಚಿಕೊಂಡಿತ್ತು. ಒಳಗೆ ಹೋಗಲು, ಹೊರಗೆ ಬರಲು ಬೇರೆ ದಾರಿಯಿಲ್ಲ. ಅಣ್ಣ ಕೊಡಲಿ ತಂದ.

"ಕೊಡಿಲ್ಲೆ, ನಾ ಏರತೇನಿ," ಎಂದೆ.

"ಕಡದಾಂವ ನೀ ಅಲ್ಲ."

ಅವನು ಏರಿದ. ನಾನು ಎರಡೂ ಕೈಯಿಂದ ಏಣಿ ಹಿಡಿದೆ. ಸತ್ತೆವ್ವ ಕಟ್ಟೆಯ ಮೇಲೆ ನಿಂತಿದ್ದಳು, ಹಗ್ಗ ಇನ್ನೂ ಹೆಗಲ ಮೇಲೆಯೇ ಇತ್ತು. ಗಾಳಿ ಒಮ್ಮೆಲೇ ನಿಂತಿತು. ಎಲೆಯೊಂದೂ ಅಲುಗದ ಆ ಹೊತ್ತಿನಲ್ಲಿ ಒಳಗೆ ಬಟ್ಟೆ ಹರಿದಂಥ ಸಣ್ಣ ನಡುಕವೊಂದು ಕಾಂಡದಿಂದ ಏಣಿಗಿಳಿದು ನನ್ನ ಅಂಗೈಗೆ ತಾಕಿತು.

"ಅಣ್ಣಾ, ಇಳೀ!" ಎಂದು ಕೂಗಿದೆ.

ಅವನು ಆಗಲೇ ಕೊಡಲಿ ಎತ್ತಿದ್ದ.