ರಾಜಮಾತೆ ಚಪ್ಪಲಿ ಕಾದದ್ದು

ಒಂದು ಪದಕ್ಕೆ ಕನ್ನಡ ಹುಡುಕಲು ಹೋಗಿ ನನಗೆ ಗಂಡ ಸಿಕ್ಕಿದ. ನಗಬೇಡಿ, ನಿಜ.

೧೯೯೯ರಲ್ಲಿ ನಾನು ಆಸ್ಟಿನ್ನಿನಲ್ಲಿ ಯುರೋಪಿನ ರಾಜಮನೆತನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದವನು ಜರ್ಮನಿಯ ಒಬ್ಬ ಪುಡಿ ರಾಜಕುಮಾರ. ಅಂಚೆಯವನ ಮಗಳನ್ನು ಮೆಚ್ಚಿ ಮದುವೆಯಾದ. ಸರಿಸಮಾನ ಮನೆತನದವಳಲ್ಲ ಎಂದು ಪಾದ್ರಿ ಅವನ ಎಡಗೈಯನ್ನು ಅವಳಿಗೆ ಹಿಡಿಸಿದ. ಅಂಥ ಮದುವೆಗೆ ಮಾರ್ಗನಾಟಿಕ್ ಎನ್ನುತ್ತಾರೆ. ಹೆಂಡತಿಯೇನೋ ಹೆಂಡತಿಯೇ, ಆದರೆ ರಾಣಿಯಲ್ಲ, ಮಕ್ಕಳಿಗೆ ಸಿಂಹಾಸನವಿಲ್ಲ. ರಾಜ್ಯವೇ ಅಳಿದ ಮೇಲೂ ಅವಳ ಮೊಮ್ಮಕ್ಕಳು, ದಾಯಾದಿಗಳು ಪಟ್ಟ ನಮ್ಮದು ತಮ್ಮದು ಎಂದು ಕೋರ್ಟು ಹತ್ತಿ ಕೂತಿದ್ದರು. ಊರೇ ಇಲ್ಲದವರಿಗೆ ಗೌಡಿಕೆಯ ಚಿಂತೆ ಎಂದು ನಾನು ಹೊಟ್ಟೆ ತುಂಬ ನಗುತ್ತಿದ್ದೆ.

ಶನಿವಾರ ಬಂತೆಂದರೆ ನಾವು ಕನ್ನಡದ ವಿದ್ಯಾರ್ಥಿಗಳೆಲ್ಲ ಬಸವರಾಜನ ಅಪಾರ್ಟ್‌ಮೆಂಟಿನಲ್ಲಿ ಸೇರುತ್ತಿದ್ದೆವು. ಗದಗದ ಕಡೆಯವನು, ಪೆಟ್ರೋಲಿಯಂ ಎಂಜಿನಿಯರಿಂಗ್ ಓದುತ್ತಿದ್ದ. ಅವನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಪೊರಕೆ ಹಿಡಿದು ಸೂರು ಕುಟ್ಟುತ್ತಿದ್ದರು. ಈಗ ಫ್ರಿಸ್ಕೋದಲ್ಲಿ ನಮ್ಮ ಅಡುಗೆಮನೆ ಆ ಇಡೀ ಮನೆಯಷ್ಟಿದೆ, ಕುಟ್ಟುವವರು ಯಾರೂ ಇಲ್ಲ. ಆ ಕುಟ್ಟು ಇವತ್ತಿಗೂ ಬೇಕೆನಿಸುತ್ತದೆ.

“ಈ ಮಾರ್ಗನಾಟಿಕ್‌ಗೆ ಕನ್ನಡದಲ್ಲಿ ಏನಂತಾರ್ರೋ?” ಎಂದೆ ಒಂದು ಶನಿವಾರ, ಕಥೆಯನ್ನೆಲ್ಲ ಹೇಳಿ.

“ಅದು ಉಡಿಕಿ ಅಲ್ಲೇನ್ರಿ?” ಅಂದ ಬಸವರಾಜ, ರೊಟ್ಟಿ ತಿರುವುತ್ತ.

“ಹುಡುಕಿ ಹುಡುಕಿ ಸಾಕಾಗೇ ನಿಮ್ಮನ್ನ ಕೇಳ್ತಿರೋದು!”

ನನ್ನದು ಮೈಸೂರಿನ ಕಿವಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ.

“ಹುಡುಕಿ ಅಲ್ರೀ, ಉಡಿಕಿ. ಗಂಡ ಸತ್ತಾಕಿಗೆ ಸೀರಿ ಉಡಿಸಿ ಮನಿ ತುಂಬಿಸ್ಕೋತಾರ. ಧಾರಿ ಇಲ್ಲ, ವಾಲಗ ಇಲ್ಲ. ನಮ್ಮವ್ವ ಹಂಗ ಬಂದಾಕಿ. ಯಾರ ಮದುವ್ಯಾಗೂ ಹಂದರದಾಗ ಕಾಲಿಡಂಗಿಲ್ಲ. ನನ್ನ ಮದುವ್ಯಾಗೂ ಇಡಂಗಿಲ್ಲ ಅಂತಾಳ.”

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಮೇಲೆ ನನಗೆ ಆ ಅಂಚೆಯವನ ಮಗಳ ಮೊಮ್ಮಕ್ಕಳನ್ನು ನೆನೆದು ನಗು ಬರಲಿಲ್ಲ. ಬಸವರಾಜನ ಮೇಲೆ ಮನಸ್ಸು ಬಂತು.

೨೦೦೨ರಲ್ಲಿ ಹ್ಯೂಸ್ಟನ್ ಹತ್ತಿರದ ದೇವಸ್ಥಾನದಲ್ಲಿ ನಮ್ಮ ಮದುವೆ. ಬಸವರಾಜನ ಅವ್ವ ಏಳು ಸಮುದ್ರ ದಾಟಿ ಬಂದರು, ಮಂಟಪದ ತನಕ ಮಾತ್ರ ಬರಲಿಲ್ಲ. “ನಾ ಚಪ್ಪಲಿ ಕಾಯ್ತೀನಿ, ನೀವು ಹೋಗ್ರಿ” ಎಂದು ಬಾಗಿಲಲ್ಲೇ ಕೂತುಬಿಟ್ಟರು. ಹ್ಯೂಸ್ಟನ್ನಿನಲ್ಲಿ ಚಪ್ಪಲಿ ಕದಿಯುವವರು ಯಾರು? ಬಸವರಾಜ ಹೋಗಿ ಕರೆದ, ಕೈಮುಗಿದ. ಕೊನೆಗೆ ಒಬ್ಬನೇ ಬಂದು ಹಸೆಮಣೆಯ ಮೇಲೆ ತಲೆ ತಗ್ಗಿಸಿ ಕೂತ.

ಬಾಸಿಂಗ ಕಟ್ಟಿಕೊಂಡೇ ಎದ್ದೆ.

“ಕೂತ್ಕೊಳೇ, ಮುಹೂರ್ತ ಮೀರತ್ತೆ!” ಅಂದರು ನನ್ನಮ್ಮ. ನಾನು ಕೇಳಿಸಿಕೊಳ್ಳಲಿಲ್ಲ.

ಅವ್ವ ಶೂಗಳ ಸಾಲಿನ ಪಕ್ಕ ನೆಲದ ಮೇಲೆ ಕೂತಿದ್ದರು. “ಬ್ಯಾಡ ತಂಗಿ. ನಾ ಉಡಿಕಿ ಹೆಣ್ಮಗಳು. ನಾ ಬಂದ್ರ ನಿನಗ ಒಳ್ಳೇದಾಗಂಗಿಲ್ಲ.”

ವಾದ ಮಾಡುವುದೇ ನನ್ನ ಓದು. ಅವತ್ತು ಮಾಡಲಿಲ್ಲ. ಧಾರೆ ಸೀರೆಯಲ್ಲೇ ಅವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತೆ. “ಸರಿ ಅವ್ವ. ಪುರೋಹಿತರನ್ನ ಇಲ್ಲಿಗೇ ಕರೆಸ್ತೀನಿ. ಧಾರೆ ಇಲ್ಲೇ ಆಗ್ಲಿ.”

“ಹುಚ್ಚಿ! ಚಪ್ಪಲಿ ಮಗ್ಗಲಕ ಧಾರಿ ಎರೀತಾರೇನ? ಏಳ, ಏಳ ಮೊದಲ!”

ಅವರ ಸಿಟ್ಟು ನೆತ್ತಿಗೇರಿತು. ಬಲಗೈಯಲ್ಲಿ ನನ್ನ ಸೀರೆಯ ಧೂಳು ಕೊಡವುತ್ತ, ಎಡಗೈಯಲ್ಲಿ ನನ್ನ ಕೈ ಹಿಡಿದು, ಬೈಯುತ್ತ ದರದರ ಎಳೆದುಕೊಂಡು ಹೊರಟರು. ಬೈಗುಳ ಮುಗಿಯುವ ಹೊತ್ತಿಗೆ ಮಂಟಪದ ನಡುವೆ ನಿಂತಿದ್ದರು.

ಆಗ ಅವರಿಗೆ ಗೊತ್ತಾಯಿತು. ಕಾಲಡಿಯ ರಂಗೋಲಿ ನೋಡಿದರು. ಕೈ ಬಿಡಿಸಿಕೊಳ್ಳಲು ನೋಡಿದರು, ನಾನು ಬಿಡಲಿಲ್ಲ. ಪುರೋಹಿತರು ಹಾಲಿನ ಚೊಂಬನ್ನು ಅವರ ಮುಂದೆ ಹಿಡಿದರು.

“ಚಪ್ಪಲಿ?” ಅಂದರು ಅವ್ವ, ಸಣ್ಣ ದನಿಯಲ್ಲಿ.

ಬಸವರಾಜ ಅಳುತ್ತಿದ್ದ. “ಹೋದ್ರ ಹೋಗ್ಲಿ ಬಿಡವ್ವ” ಅಂದ.

ಅವ್ವ ಧಾರೆ ಎರೆದರು.