ಗುಂಡಿಯ ಶಕುನ

ಕಂಪನಿಯವರು ಬಾಯಿಬಿಟ್ಟು ಹೇಳಿದ್ದನ್ನು ನಂಬುವುದು ದಡ್ಡರ ಕೆಲಸ ಎಂಬುದು ಎವರಿಸ್ತೊ ಲೊಂಗೋರಿಯಾನ ಸಿದ್ಧಾಂತ. ರಾಕೆಟ್ಟು ಗುರುವಾರ ಹಾರುತ್ತದೆ ಎಂದು ಅವರು ಪ್ರಕಟಿಸಿದರೆ ಈತ ಮೂಗು ಮುರಿಯುತ್ತಿದ್ದ. ನೋಡಬೇಕಾದ್ದು ಬೇರೆಯೇ ಇದೆಯಂತೆ. ದೊಡ್ಡ ಕ್ರೇನು ತಲೆ ತಗ್ಗಿಸಿದೆಯೇ, ದ್ರವ ಆಮ್ಲಜನಕದ ಟ್ಯಾಂಕರುಗಳು ಸಾಲುಗಟ್ಟಿವೆಯೇ, ಉಡಾವಣಾ ಕಟ್ಟೆಯ ಬುಡದಲ್ಲಿ ವೆಲ್ಡಿಂಗಿನ ಕಿಡಿ ನಿಂತಿದೆಯೇ, ಕಡಲ ದಂಡೆಯ ರಸ್ತೆ ಮುಚ್ಚಲು ಷೆರೀಫನ ಪೊಲೀಸರು ಅಡ್ಡಗಟ್ಟೆ ತಂದಿಟ್ಟಿದ್ದಾರೆಯೇ. ಇಷ್ಟನ್ನು ನೋಡಲು ಆತ ವರ್ಷಗಟ್ಟಲೆ ರಸ್ತೆ ಬದಿಯ ಉಪ್ಪುಮಣ್ಣಿನಲ್ಲಿ ಪಿಕಪ್ ಗಾಡಿ ನಿಲ್ಲಿಸಿ, ಅದರ ಬೆನ್ನ ಮೇಲೊಂದು ಮಡಚುವ ಕುರ್ಚಿ ಹಾಕಿಕೊಂಡು, ಮೊಳದುದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಕೂತಿದ್ದ.

ಅದಕ್ಕೂ ಮೊದಲು ಹತ್ತಿರದ ಬಂದರೂರು ಪೋರ್ಟ್ ಇಸಬೆಲ್ಲಿನಲ್ಲಿ ಸೀಗಡಿ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದ ಮನುಷ್ಯ. ನಿವೃತ್ತರಾದವರು ಗಾಳ ಹಾಕುತ್ತಾರೆ, ಇಲ್ಲವೇ ಕುಡಿಯುತ್ತಾರೆ; ಇವನಿಗೆ ಈ ಹುಚ್ಚು ಹಿಡಿಯಿತು. ಕ್ರೇನು ಎಡಕ್ಕೆ ತಿರುಗಿತು ಎಂದು ಈತ ಇಂಟರ್ನೆಟ್ಟಿನ ತನ್ನ ನೇರಪ್ರಸಾರದಲ್ಲಿ ಹೇಳಿದರೆ ಜರ್ಮನಿಯಲ್ಲೊಬ್ಬ ಊಟ ಬಿಟ್ಟು ಎದ್ದು ಕೂರುತ್ತಿದ್ದನಂತೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಹೆಂಡತಿ ಎವುಲಾಲಿಯಾ ಹೇಳಿದ್ದು ಮಾತ್ರ ಇವನ ಕಿವಿಗೆ ಬಿದ್ದಿರಲಿಲ್ಲ.

ಇಂಥವನ ಒಬ್ಬಳೇ ಮಗಳು ನೆರೈದಾ ಮೆಚ್ಚಿದ್ದು ಯಾರನ್ನು? ಅದೇ ಉಡಾವಣಾ ಕಟ್ಟೆಗೆ ಕಾಂಕ್ರೀಟು ಸುರಿಯುವ ಒಸಿಯೆಲ್ ಬಾರಿಯೆಂತೋಸ್ ಎಂಬ ಹುಡುಗನನ್ನು. ದೇವರಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ. ಹುಡುಗ ಇಸ್ತ್ರಿ ಅಂಗಿ ತೊಟ್ಟು, ಅಪ್ಪ ಅಮ್ಮನನ್ನು ಕರೆದುಕೊಂಡು, ಒಂದು ಬಾಟಲಿ ಟಕೀಲಾ ಹಿಡಿದು ಹೆಣ್ಣು ಕೇಳಲು ಬಂದ. ಎವರಿಸ್ತೊ ಕೇಳಿದ ಮೊದಲ ಪ್ರಶ್ನೆ, ಕಟ್ಟೆಯ ಪಕ್ಕ ಏಳುತ್ತಿರುವ ಉಡಾವಣಾ ಗೋಪುರದ ತಳಪಾಯ ಎಷ್ಟು ಆಳ ಹೋಗಿದೆ ಅಂತ. ಹುಡುಗ ಕೆಲಸಕ್ಕೆ ಸೇರುವಾಗಲೇ ಒಳಗಿನ ಮಾತು ಹೊರಗೆ ಆಡುವುದಿಲ್ಲವೆಂದು ರುಜು ಹಾಕಿದವನು. ಕ್ಷಮಿಸಿ ಡಾನ್ ಎವರಿಸ್ತೊ, ಹೇಳುವ ಹಾಗಿಲ್ಲ ಎಂದು ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಹೇಳಿದ. ಆಮೇಲೆ ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಉತ್ತರ. ಮಾವನಾಗುವವನಿಗೆ ಅಳಿಯನ ಬಗ್ಗೆ ಗೊತ್ತಿದ್ದದ್ದು ಅವನು ಬಾಯಿಬಿಡುವುದಿಲ್ಲ ಎಂಬುದಷ್ಟೇ.

ಅಂತೂ ಮದುವೆಗೆ ಒಂದು ಶನಿವಾರ ಗೊತ್ತಾಯಿತು. ಕಂಪನಿಯೂ ಅದೇ ಶನಿವಾರ ರಾಕೆಟ್ಟು ಹಾರಿಸುವುದಾಗಿ ಪ್ರಕಟಿಸಿತು. ನಿಮ್ಮ ಅಂದಾಜೇನು ಎಂದು ನೋಡುಗರು ಕೇಳಿದರು. ಎವರಿಸ್ತೊ ಗಹಗಹಿಸಿ ನಕ್ಕ. ಸಾಧ್ಯವೇ ಇಲ್ಲ, ಆ ದಿನ ನನ್ನ ಮಗಳ ಮದುವೆ, ಗಂಡು ಅದೇ ಕಟ್ಟೆಯಲ್ಲಿ ಕಾಂಕ್ರೀಟಿನ ಕೆಲಸದವನು, ಅವನಿಗೆ ವಾರವಿಡೀ ರಜೆ ಕೊಟ್ಟಿದ್ದಾರೆ, ಒಲೆ ಹಚ್ಚುವ ದಿನ ಅಡುಗೆಯವನಿಗೆ ಯಾರಾದರೂ ರಜೆ ಕೊಡುತ್ತಾರೆಯೇ ಎಂದು ಲೋಕಕ್ಕೆಲ್ಲ ಸಾರಿದ. ಎಂಥ ಸೂಕ್ಷ್ಮ ದೃಷ್ಟಿ ಎಂದು ನೋಡುಗರು ಹೊಗಳಿದರು. ನೋಡಿದವರಲ್ಲಿ ಒಸಿಯೆಲ್‌ನ ಗುತ್ತಿಗೆದಾರನೂ ಇದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮಾತಾಡಿದ್ದು ಮಾವ, ಕೆಲಸ ಹೋಗಿದ್ದು ಅಳಿಯನದು. ರಜೆ ಶುರುವಾಗುವ ಮೊದಲೇ, ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ಅವನ ಕಾರ್ಡು ಕಿತ್ತುಕೊಂಡರು. ಎರಡು ದಿನದಲ್ಲಿ ಕಂಪನಿ ಶನಿವಾರದ ಹಾರಾಟವನ್ನು ಮುಂದಕ್ಕೆ ಹಾಕಿತು, ಅದು ನಿಜ. ತನ್ನ ಲೆಕ್ಕ ಸರಿಯಾಯಿತು ಎಂದು ಎವರಿಸ್ತೊ ಮನೆಯಲ್ಲಿ ಇನ್ನೂ ಹೇಳಿ ಮುಗಿಸಿರಲಿಲ್ಲ, ನೆರೈದಾ ಎದುರಿಗೆ ಬಂದು ನಿಂತಳು.

ಕೂಗಾಡಲಿಲ್ಲ. ಅವಳು ಶಾಲೆಯಲ್ಲಿ ಪಾಠ ಹೇಳುವವಳು, ತುಂಟರನ್ನು ಹೇಗೆ ಮಾತಾಡಿಸಬೇಕೆಂದು ಗೊತ್ತಿತ್ತು.

"ಅಪ್ಪಾ, ಮದ್ವೆ ಮುಂದಕ್ಕೆ ಹಾಕಿದೀವಿ. ಯಾವತ್ತು ಅಂತ ನಾನು ಹೇಳಲ್ಲ. ಬಾಯಲ್ಲಿ ಹೇಳಿದ್ದನ್ನ ನೀನು ನಂಬೋನಲ್ಲ, ಗುರುತು ನೋಡಿ ಕಂಡುಹಿಡಿಯೋನು. ಇದನ್ನೂ ಹಂಗೇ ಕಂಡುಹಿಡಿ. ಸರಿಯಾಗಿ ಕಂಡುಹಿಡಿದು ಬಂದ್ರೆ ನನ್ನ ಕೈ ಹಿಡ್ಕೊಂಡು ಪಾದ್ರಿ ಮುಂದಕ್ಕೆ ನಡೆಸು. ಇಲ್ಲಾಂದ್ರೆ ಬಿಡು."

ಹಾಗೆಂದು ಬಟ್ಟೆ ತುಂಬಿಕೊಂಡು ಲಾಸ್ ಫ್ರೆಸ್ನೋಸಿನಲ್ಲಿದ್ದ ದೊಡ್ಡಮ್ಮ ರೊಮಾನಾಳ ಮನೆಗೆ ಹೋದಳು. ಎವುಲಾಲಿಯಾ ಸೋರುವ ನಲ್ಲಿಯ ಕೆಳಗೊಂದು ಬಕೆಟ್ಟು ಇಟ್ಟು, ಮಗಳ ಹಿಂದೆಯೇ ಹೊರಟಳು.

ಬೇರೆ ಅಪ್ಪನಾಗಿದ್ದರೆ ಹೋಗಿ ತಪ್ಪಾಯಿತು ಮಗಳೇ ಎನ್ನುತ್ತಿದ್ದ. ಎವರಿಸ್ತೊಗೆ ಮಾತ್ರ, ಸುಳ್ಳೇಕೆ ಹೇಳಬೇಕು, ಒಳಗೊಳಗೇ ಖುಷಿಯಾಯಿತು. ಇಷ್ಟೇ ತಾನೇ! ಲೋಕದ ಅತಿದೊಡ್ಡ ರಾಕೆಟ್ಟಿನ ಗುಟ್ಟು ಬಿಡಿಸಿದವನಿಗೆ ಒಂದು ಮದುವೆಯ ದಿನ ಕಂಡುಹಿಡಿಯುವುದು ಯಾವ ಲೆಕ್ಕ? ಮಗಳ ಕೈ ಹಿಡಿದು ನಡೆಸುವ ಆಸೆ ಅವನಿಗೆ ಅವಳು ತೊಟ್ಟಿಲಲ್ಲಿದ್ದಾಗಿನಿಂದ ಇತ್ತು. ಅದಕ್ಕೆಂದೇ ಹೊಲಿಸಿದ ಕಪ್ಪು ಸೂಟು ಪ್ಲಾಸ್ಟಿಕ್ಕಿನೊಳಗೆ ನೇತಾಡುತ್ತಿತ್ತು. ಅದನ್ನು ಗಾಡಿಯ ಹಿಂದಿನ ಸೀಟಿಗೆ ಸಾಗಿಸಿದ. ಸಂಜೆಯ ಹೊತ್ತು ರೊಮಾನಾಳ ಮನೆಯ ಹಿತ್ತಲಿನ ಎದುರು, ನೀರಾವರಿ ಕಾಲುವೆಯ ಆಚೆ ದಡದಲ್ಲಿ ಗಾಡಿ ನಿಲ್ಲಿಸಿ ಲೆನ್ಸು ತಿರುಗಿಸಿದ. ರೊಮಾನಾ ಬಟ್ಟೆ ಒಣಹಾಕುತ್ತಾ ಇವನ ಕಡೆ ಕೈಬೀಸುತ್ತಿದ್ದಳು. ಇವನು ಬೀಸುತ್ತಿರಲಿಲ್ಲ, ವೀಕ್ಷಣೆ ಗುಟ್ಟಾಗಿ ನಡೆಯಬೇಕಲ್ಲ.

ಗುರುತುಗಳು ಒಂದೊಂದಾಗಿ ಬಂದವು. ಹಿತ್ತಲಿನ ಹುಲ್ಲು ಕತ್ತರಿಸಿದರು. ಬಿಳಿ ಕುರ್ಚಿಗಳು ಬಂದವು. ಆಮೇಲೆ ಒಂದು ದಿನ ಒಸಿಯೆಲ್ ಗುದ್ದಲಿ ಹಿಡಿದು ಹಿತ್ತಲ ನಡುವೆ ಗುಂಡಿ ತೋಡತೊಡಗಿದ. ಎವರಿಸ್ತೊ ತೊಡೆ ತಟ್ಟಿಕೊಂಡ. ಬಾರ್ಬಕೋವಾದ ಗುಂಡಿ! ದನದ ತಲೆಯನ್ನು ಎಲೆ ಸುತ್ತಿ ಕೆಂಡದ ಗುಂಡಿಯಲ್ಲಿ ಹೂತು, ಇಡೀ ರಾತ್ರಿ ಬೇಯಿಸದೆ ರೊಮಾನಾಳ ಮನೆಯಲ್ಲಿ ಒಂದು ನಾಮಕರಣವೂ ಆದದ್ದಿಲ್ಲ. ಮರುದಿನ ಹುಡುಗ ಕಬ್ಬಿಣದ ಸರಳು ತಂದ. ತಲೆ ಇಡುವ ಜಾಲರಿಗೆ ಎಂದು ಇವನು ತೀರ್ಮಾನಿಸಿದ. ಗುಂಡಿಯ ಮೇಲೆ ನೀಲಿ ಟಾರ್ಪಾಲು ಹೊದಿಸಿದರು. ಕೆಂಡಕ್ಕೆ ಇಬ್ಬನಿ ತಾಗಬಾರದಲ್ಲ ಎಂದುಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಈತನಿಗೆ ದುರ್ಬೀನು ಹಾಕಿ ನೋಡಿದರೂ ಕಾಣಲಿಲ್ಲ.

ರಸ್ತೆ ಬದಿಯಲ್ಲಿ ಪಕ್ಕದ ಕುರ್ಚಿಯವನು ನಾರ್ಬರ್ಟ್, ಚಳಿಗಾಲ ಕಳೆಯಲು ಉತ್ತರದ ಹಿಮನಾಡು ಮಿನೆಸೋಟಾದಿಂದ ಬಂದು ಬೇಸಿಗೆಯಾದರೂ ಹಿಂದಿರುಗದ ಮುದುಕ. ಅವನ ಮುಂದೆ ಎವರಿಸ್ತೊ ಲೆಕ್ಕ ಬಿಡಿಸಿಟ್ಟ. ಗುಂಡಿಗೆ ಬೆಂಕಿ ಬಿದ್ದ ಮರುದಿನವೇ ಮದುವೆ. ಹೊಗೆ ಏಳದೆ ಮದುವೆ ಇಲ್ಲ. ನಾರ್ಬರ್ಟ್ ಯೋಚಿಸಿ ಹೇಳಿದ:

"ಅಲ್ಲ ಮಾರಾಯಾ, ಒಂದು ಫೋನ್ ಮಾಡಿ ಕೇಳ್ಬಾರ್ದಾ?"

ಎವರಿಸ್ತೊ ಅವನನ್ನು ಕನಿಕರದಿಂದ ನೋಡಿದ. ಇಷ್ಟು ವರ್ಷ ಜೊತೆಗೆ ಕೂತೂ ಏನೂ ಕಲಿಯಲಿಲ್ಲವಲ್ಲ ಎಂದು ಬೇಸರವಾಯಿತು.

ಅಷ್ಟರಲ್ಲಿ ಕಂಪನಿ ಮತ್ತೊಂದು ಶನಿವಾರ ಪ್ರಕಟಿಸಿತು. ಈ ಸಲ ಗುರುತುಗಳೂ ಹೌದು ಎಂದವು. ಕ್ರೇನು ತಲೆ ತಗ್ಗಿಸಿತು, ಟ್ಯಾಂಕರುಗಳು ಬಂದವು, ಅಡ್ಡಗಟ್ಟೆ ಬಿತ್ತು. ಶುಕ್ರವಾರ ಸಂಜೆ ಆತ ಕಾಲುವೆ ದಂಡೆಗೆ ಹೋಗಿ ಕತ್ತಲಾಗುವವರೆಗೆ ಕಾದ. ಟಾರ್ಪಾಲು ಹಾಗೇ ಇತ್ತು, ಹೊಗೆಯ ಸುಳಿವಿಲ್ಲ. ಹಾಗಾದರೆ ನಾಳೆ ಮದುವೆಯಿಲ್ಲ. ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಿದ.

ಶನಿವಾರ ಬೆಳಿಗ್ಗೆ ಕಡಲ ಮೇಲೆ ಮೋಡವಿರಲಿಲ್ಲ. ಹೊಸ ಕಟ್ಟೆಯ ಮೇಲೆ ರಾಕೆಟ್ಟು ಮೈತುಂಬ ಹಿಮ ಹೊತ್ತು ನಿಂತಿತ್ತು. ಎಣಿಕೆ ಶುರುವಾಯಿತು. ಲಕ್ಷಾಂತರ ಜನ ಅವನ ಕಣ್ಣಿನಿಂದ ನೋಡುತ್ತಿದ್ದರು. ಆಗ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದ: ನೆರೈದಾ. ಎರಡು ತಿಂಗಳಲ್ಲಿ ಅವಳ ಮೊದಲ ಕರೆ. ಆದರೆ ಟ್ಯಾಂಕಿನ ಬಾಯಲ್ಲಿ ಬಿಳಿ ಆವಿ ಏಳುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಫೋನೆತ್ತುತ್ತಾರೆಯೇ? ಆಮೇಲೆ ಮಾತಾಡಿದರಾಯಿತು ಎಂದು ಕರೆ ಕತ್ತರಿಸಿದ. ಮತ್ತೆ ಬಂತು, ಮತ್ತೆ ಕತ್ತರಿಸಿದ. ಮೂರನೆಯ ಸಲ ಫೋನನ್ನೇ ಆರಿಸಿಬಿಟ್ಟ.

ರಾಕೆಟ್ಟಿನ ಎಣಿಕೆ ನಿಂತಿತು, ಮುಂದುವರಿಯಿತು, ಮತ್ತೆ ನಿಂತಿತು. ಬಿಸಿಲು ನೆತ್ತಿಗೇರಿ ಇಳಿದ ಮೇಲೆ, ಯಾವುದೋ ಕವಾಟ ಅಂಟಿಕೊಂಡಿದೆ, ಇವತ್ತಿಲ್ಲ ಎಂದು ಪ್ರಕಟಿಸಿದರು.

ಕವಾಟದ ಬಗ್ಗೆ ತನಗೆ ಮೊದಲೇ ಸಂಶಯವಿತ್ತು ಎಂದು ನೋಡುಗರಿಗೆ ಹೇಳಿ, ಎವರಿಸ್ತೊ ಎಂದಿನಂತೆ ಕಾಲುವೆ ದಂಡೆಗೆ ಬಂದ. ರೊಮಾನಾಳ ಮನೆಯ ಮುಂದೆ ರಸ್ತೆಯುದ್ದಕ್ಕೂ ಗಾಡಿಗಳು ನಿಂತಿದ್ದವು. ಅಕಾರ್ಡಿಯನ್ ಕೇಳಿಸುತ್ತಿತ್ತು. ಲೆನ್ಸು ತಿರುಗಿಸಿದ. ಟಾರ್ಪಾಲು ಇರಲಿಲ್ಲ. ಅದರಡಿಯಲ್ಲೇ ಗಟ್ಟಿಯಾದ, ನುಣ್ಣಗೆ ತೀಡಿದ ಕಾಂಕ್ರೀಟು, ಅದಕ್ಕೆ ಬೆಳಿಗ್ಗೆ ಬಿಗಿದು ನಿಲ್ಲಿಸಿದ ಎರಡು ಕಂಬ, ಮೇಲೆ ಹೂ ಸುತ್ತಿದ ಕಮಾನು. ಬಾರ್ಬಕೋವಾದ ಘಮ ಕಾಲುವೆ ದಾಟಿ ಬರುತ್ತಿತ್ತು. ಈ ಸಲ ಅದನ್ನು ಪಾತ್ರೆಗಟ್ಟಲೆ ಬ್ರೌನ್ಸ್‌ವಿಲ್ಲಿನ ಅಂಗಡಿಯಿಂದ ತರಿಸಿದ್ದರು. ಕಾಂಕ್ರೀಟಿನ ಕೆಲಸದ ಹುಡುಗ ಗುಂಡಿ ತೋಡಿ ಸರಳು ತಂದರೆ ಅದು ತಳಪಾಯವಲ್ಲದೆ ಇನ್ನೇನು? ಜಗತ್ತಿಗೆಲ್ಲ ತಳಪಾಯದ ಪಾಠ ಹೇಳಿದವನು ಕಣ್ಣೆದುರಿನ ತಳಪಾಯವನ್ನು ಒಲೆ ಎಂದುಕೊಂಡಿದ್ದ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯೊಳಗೆ ಬಿತ್ತಂತೆ.

ಸೂಟು ಹಾಕಿಕೊಳ್ಳುವ ಯೋಚನೆಯೂ ಬರಲಿಲ್ಲ. ಉಪ್ಪುಮಣ್ಣಿನ ಬೂಟಿನಲ್ಲೇ ಕಾಲುವೆಯ ಹಲಗೆ ದಾಟಿ ಗೇಟಿನ ಬಳಿ ಹೋಗಿ ನಿಂತ. ಎವುಲಾಲಿಯಾ ನೋಡಿ ಮಗಳ ಭುಜ ತಟ್ಟಿದಳು. ನೆರೈದಾ ಬಿಳಿ ಲಂಗ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಊಟದ ತಟ್ಟೆ ಹಿಡಿದು ಬಂದಳು. ಅತ್ತಿದ್ದ ಕಣ್ಣು ಒಣಗಿ ಬಹಳ ಹೊತ್ತಾಗಿತ್ತು.

"ಹಾರ್ತಾ ಅಪ್ಪಾ?"

"ಇಲ್ಲ ಮಗಳೇ. ಮುಂದಕ್ಕೆ ಹಾಕಿದ್ರು."

"ನಿಂಗೋಸ್ಕರ ನಾವೂ ಎಣಿಕೆ ನಿಲ್ಸಿದ್ವಿ. ಪಾದ್ರಿಗೆ ಕೈಮುಗಿದು ಅರ್ಧ ಗಂಟೆ ನಿಲ್ಲಿಸ್ಕೊಂಡೆ, ಮೂರು ಸಲ ಫೋನ್ ಮಾಡ್ದೆ. ಆಮೇಲೆ..." ಅವಳು ತಟ್ಟೆಯನ್ನು ಅವನ ಕೈಗಿಟ್ಟಳು. "ಆಮೇಲೆ ಹಾರಿಸ್ಬಿಟ್ವಿ."

ಯಾರು ನಡೆಸಿಕೊಂಡು ಹೋದರು ಎಂದು ಅವನು ಕೇಳಿದ. ಯಾರೂ ಇಲ್ಲ, ಒಬ್ಬಳೇ ನಡೆದೆ ಎಂದು ಹೇಳಿ ಅವಳು ಒಸಿಯೆಲ್ ಕರೆದನೆಂದು ಕುಣಿಯಲು ಹೋದಳು.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿಗೆ ಹೆಣ್ಣಿನ ಅಪ್ಪನಿಗೆಂದು ಬಿಳಿ ರಿಬ್ಬನ್ ಕಟ್ಟಿತ್ತು, ಅದರಲ್ಲಿ ಯಾರೂ ಕೂತಿರಲಿಲ್ಲ. ಎವರಿಸ್ತೊ ಹೋಗಿ ಅದರಲ್ಲಿ ಕೂತ. ತಟ್ಟೆ ತೊಡೆಯ ಮೇಲೆ ತಣ್ಣಗಾಗುತ್ತಿತ್ತು. ಕಮಾನಿನ ಕೆಳಗೆ ಯಾರೂ ಇರಲಿಲ್ಲ. ಆದರೂ ಅದನ್ನೇ ನೋಡುತ್ತಾ, ಬಾಡಿಗೆಗೆ ಕೊಟ್ಟವರು ಬಂದು ಕುರ್ಚಿ ಬೇಕು, ಏಳಿ ಎನ್ನುವವರೆಗೂ ಕೂತೇ ಇದ್ದ.