ಹತ್ತೊಂಬತ್ತನೇ ಕಂಬ

ಲೇಸಿನ ತುದಿ ಬೂಟಿಗೆ ಬಡಿಯುತ್ತಿದೆ, ಟಿಕ್ ಟಿಕ್, ಎಡಗಾಲಿನದು, ನಿಂತು ಕಟ್ಟಿಕೊಳ್ಳಬೇಕು, ಆದರೆ ನಾನು ನಿಂತರೆ ಇವಳೂ ನಿಲ್ಲುತ್ತಾಳೆ, ನಿಂತರೆ ಮಾತು, ಮಾತು ಶುರುವಾದರೆ ಆ ಮಾತಿಗೇ ಬರಬೇಕಾಗುತ್ತದೆ, ಬೇಡ, ಮುಂದಿನ ಕಂಬದಲ್ಲಿ ಹೇಳೋಣ — ಐದನೆಯದರಲ್ಲಿ ಖಂಡಿತ ಹೇಳುತ್ತೇನೆ ಅಂದುಕೊಂಡಿದ್ದೆ, ಈಗ ಏಳು ದಾಟಿತು, ದೀಪದ ಕಂಬದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಏಳು, ಬಾಲ ಅರ್ಧ ಕಿತ್ತುಹೋಗಿದೆ, ದೀಪ ಇನ್ನೂ ಆರಿಲ್ಲ, ಆಕಾಶ ಬೆಳ್ಳಗಾದ ಮೇಲೂ ಉರಿಯುವ ದೀಪ ಎಷ್ಟು ಪೆಚ್ಚಾಗಿ ಕಾಣುತ್ತದೆ. ಅಕ್ಕನ ಮಗಳು ಎರಡು ಹೆಜ್ಜೆ ಮುಂದಿದ್ದಾಳೆ, ಹದಿನೇಳು ವರ್ಷದ ಕಾಲು, ನೆಲ ಮುಟ್ಟುತ್ತದೋ ಇಲ್ಲವೋ, ತುಟಿ ಅಲ್ಲಾಡುತ್ತಿದೆ, ಥೇಟ್ ಅವಳಮ್ಮ, ಕಂಬದಿಂದ ಕಂಬಕ್ಕೆ ಒಂದು ಹೆಸರು, ಎಂಟನೆಯದು ಯಾರು, ಹೊಲಿಗೆಯವಳ ಗಂಡ, ಅವನ ಕುಡಿತ ಬಿಡಿಸು ಕರ್ತನೇ. ಇದೆಲ್ಲ ಅಕ್ಕ ಹುಟ್ಟುಹಾಕಿದ್ದು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ, ದಿನಾ ನಡೀರಿ ಅಂದರು ಡಾಕ್ಟರು, ನಡೆಯೋಕೆ ನಾನೇನು ಮುದುಕಿಯಾ, ಓಡ್ತೀನಿ ಅಂದಳು ನಲವತ್ತೇಳರ ಅಕ್ಕ, ನೀನೂ ಬಾ, ಕನ್ನಡಕದ ಅಂಗಡೀಲಿ ಕೂತು ಕೂತು ಸ್ಟೂಲಿಗೇ ಬೇರು ಬಿಟ್ಟಿದ್ದೀಯ. ನಮ್ಮೆಜಮಾನರು ಹೊದಿಕೆಯೊಳಗಿಂದಲೇ, ಕಾಲಿಗೆ ಬುದ್ಧಿ ಹೇಳೋ ವಯಸ್ಸೇನೇ ಇದು, ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿಮ್ಮನ್ನ. ಮೊದಲ ವಾರ ಉಬ್ಬಸದಲ್ಲೇ ಕಳೆಯಿತು, ಎರಡನೇ ವಾರ ಅಕ್ಕ ಅಂದಳು, ಇಷ್ಟು ಹೊತ್ತು ಸುಮ್ಮನೆ ಉಸಿರು ಬಿಡೋದು ದಂಡ ಕಣೇ. ನಮ್ಮ ಸಭೆಯ ಚರ್ಚಿನ ಗೋಡೆಗೆ ಅಂಟಿಸಿದ್ದ ಪ್ರಾರ್ಥನಾ ಕೋರಿಕೆಗಳನ್ನೆಲ್ಲ ಚೀಟಿಗೆ ಇಳಿಸಿಕೊಂಡು ಬಂದಳು, ಮನೆ ಗೇಟಿನಿಂದ ಸೇತುವೆಯವರೆಗೆ ಇಪ್ಪತ್ತೆಂಟು ಕಂಬ, ಇಪ್ಪತ್ತೆಂಟು ಹೆಸರು, ಸರದಿ ತಪ್ಪುವ ಹಾಗಿಲ್ಲ, ಮೊದಲ ಕಂಬ ಯಾವಾಗಲೂ ಮಗಳದು, ನಮ್ಮ ಸೊಳ್ಳೆ — ಹುಟ್ಟಿದಾಗ ಅಷ್ಟೇ ಇದ್ದಳು, ಅಳುವೂ ಹಾಗೇ, ಕಿವಿಯ ಹತ್ತಿರ ಗುಂಯ್ ಅಂತ, ಅದೇ ಹೆಸರು ನಿಂತುಬಿಟ್ಟಿತು.

ಆ ಸೊಳ್ಳೆಗೆ ಇವತ್ತು ಒಂಬತ್ತು ಗಂಟೆಯ ಆರಾಧನೆಯಲ್ಲಿ ದೃಢೀಕರಣ, ತನ್ನ ನಂಬಿಕೆಯನ್ನು ತಾನೇ ಎಲ್ಲರೆದುರು ಒಪ್ಪಿಕೊಳ್ಳುವ ದಿನ, ಬಿಳಿ ಉಡುಪು ಇಸ್ತ್ರಿಯಾಗಿ ಬಾಗಿಲ ಹಿಂದೆ ತೂಗುತ್ತಿದೆ, ಆರು ಜನ ಮಕ್ಕಳಲ್ಲಿ ಯಾಕೆ ನಂಬುತ್ತೇನೆ ಅಂತ ಸಾಕ್ಷಿ ಹೇಳುವುದು ಇವಳೊಬ್ಬಳೇ, ಸಭಾಪಾಲಕರೇ ಆರಿಸಿದ್ದು, ಏನು ಹೇಳ್ತೀಯಮ್ಮ ಅಂದದ್ದಕ್ಕೆ, ಅಮ್ಮ ಕೊನೇ ಉಸಿರಲ್ಲಿ ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ಳು, ಅದಕ್ಕೇ ನಾನು ನಂಬ್ತೀನಿ, ಅಷ್ಟೇ ಅಂದಳಂತೆ, ಅವರ ಕಣ್ಣಲ್ಲಿ ನೀರು ಬಂತಂತೆ, ಭಾವನೇ ಫೋನಿನಲ್ಲಿ ಹೇಳಿದ್ದು, ನಿನ್ನಿಂದ ಕಣಮ್ಮ, ನೀನು ಜೊತೆಗಿದ್ದು ಕೇಳಿಸಿಕೊಂಡೆಯಲ್ಲ, ಇಲ್ಲದಿದ್ದರೆ ಈ ಹುಡುಗಿ ಬೈಬಲ್ ಕೈಯಲ್ಲಿ ಮುಟ್ತಿರಲಿಲ್ಲ. ನಾನು ಫೋನು ಹಿಡಿದುಕೊಂಡು ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಕಲ್ಲು ತಿರುಗುತ್ತಲೇ ಇತ್ತು, ಯಾರದೋ ಎಡಗಣ್ಣಿನ ಗಾಜು ಅಂಚು ಮೀರಿ ಸವೆದುಹೋಯಿತು, ಚೌಕಟ್ಟಿಗೆ ಇಟ್ಟರೆ ಲೊಡಲೊಡ, ಮಾಲೀಕರು, ಏನಮ್ಮ, ಹದಿನಾಲ್ಕು ವರ್ಷದಲ್ಲಿ ಒಂದು ಗಾಜು ಕೆಡಿಸಿದವಳಲ್ಲ ನೀನು. ನಾನು ಜೊತೆಗಿರಲಿಲ್ಲ, ನಾನು ಏನೂ ಕೇಳಿಸಿಕೊಳ್ಳಲಿಲ್ಲ, ಇಷ್ಟೇ, ಎರಡೇ ವಾಕ್ಯ, ಮಗು ಕೂಡ ಹೇಳಬಹುದು, ಹತ್ತನೇ ಕಂಬ, ಈಗ ಹೇಳು, ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತಿದೆ, ಚಿಕ್ಕಮ್ಮ ಸುಸ್ತಾಯ್ತಾ, ಇಲ್ಲ ಕಣೇ, ನೀನು ಓಡು. ಒಂಬತ್ತು ಗಂಟೆಗೆ ಮುಂಚೆ ಹೇಳಬೇಕು, ವೇದಿಕೆ ಹತ್ತಿ ಮುನ್ನೂರು ಜನರ ಮುಂದೆ ಅವಳು ಅದನ್ನು ದೇವರಿಗೆ ಒಪ್ಪಿಸಿದ ಮೇಲೆ ಅದು ನನ್ನ ಸುಳ್ಳಾಗಿ ಉಳಿಯುವುದಿಲ್ಲ, ಅವಳ ಸುಳ್ಳಾಗುತ್ತದೆ, ಅವಳಿಗೇ ಗೊತ್ತಿಲ್ಲದ ಸುಳ್ಳು, ಜೀವಮಾನವಿಡೀ ಅದರ ಮೇಲೆ ಮನೆ ಕಟ್ಟಿಕೊಂಡು ಇರುತ್ತಾಳೆ.

ಅಕ್ಕ ಹೋದ ದಿನವೂ ಹೀಗೇ ಭಾನುವಾರ, ಅಕ್ಕ ಮುಂದೆ, ನಾನು ಹಿಂದೆ, ಅಲ್ಲಿಯವರೆಗಿನ ಒಂಬತ್ತು ತಿಂಗಳೂ ನಾನು ನೋಡಿದ್ದು ಅಕ್ಕನ ಬೆನ್ನು, ಬೆವರಿನ ತೇಪೆ, ಬಿಗಿದ ಜುಟ್ಟು, ಹದಿನೆಂಟು ಕಳೆಯಿತು, ಅವಳ ಓಟ ನಿಧಾನವಾಯಿತು, ಹತ್ತೊಂಬತ್ತರ ಹತ್ತಿರ ನಿಂತಳು, ಕಂಬಕ್ಕೆ ಹಣೆ ಕೊಟ್ಟಳು, ಕಣ್ಣು ಮುಚ್ಚಿದ್ದಳು. ಆಗಾಗ ಹಾಗೆ ನಿಲ್ಲುತ್ತಿದ್ದಳು, ಕೆಲವು ಹೆಸರು ಭಾರ ಕಣೇ, ಓಡಿಕೊಂಡು ಎತ್ತೋಕಾಗಲ್ಲ ಅನ್ನುತ್ತಿದ್ದಳು, ಪೇಪರಿನವನೂ ಅವಳು ನಿಂತಿದ್ದರೆ ಸೈಕಲ್ ಬೆಲ್ ಹೊಡೆಯದೆ ಸುತ್ತುಹಾಕಿ ಹೋಗುತ್ತಿದ್ದ. ಪ್ರಾರ್ಥನೆಯಲ್ಲಿರುವವರನ್ನು ಮುಟ್ಟಬಾರದು, ಇದು ಅಪ್ಪ ಹಾಲಿನ ಜೊತೆ ಕುಡಿಸಿದ್ದು, ಸಂಜೆ ಏಳಕ್ಕೆ ಮನೆಮಂದಿಯೆಲ್ಲ ಚಾಪೆಯ ಮೇಲೆ ಮೊಣಕಾಲೂರಿ, ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಅಂತ ಎಲ್ಲರ ಮೂಗಿಗೂ ಗೊತ್ತು, ಯಾರೂ ಏಳುವ ಹಾಗಿಲ್ಲ, ಅಮ್ಮನ ರೆಪ್ಪೆ ಪಟಪಟ, ಅಪ್ಪ ಇಡೀ ಲೋಕದ ವಿಧವೆಯರನ್ನೂ ಅನಾಥರನ್ನೂ ಮುಗಿಸಿ ರೋಗಿಗಳಿಗೆ ಬರುವಷ್ಟರಲ್ಲಿ ಸೀದ ವಾಸನೆ ಮನೆ ತುಂಬ, ಅಕ್ಕ ಕಿಸಕ್ ಅಂದರೆ ನನಗೂ ಕಿಸಕ್, ಆಮೆನ್ ಅಂದರೆ ನನಗೆ ಇವತ್ತಿಗೂ ಸೀದ ಹಾಲಿನ ವಾಸನೆ. ಹಾಗಾಗಿ ನಾನು ಅಕ್ಕನನ್ನು ಮುಟ್ಟಲಿಲ್ಲ, ಕರೆಯಲಿಲ್ಲ, ಪಕ್ಕದಿಂದ ಸದ್ದಾಗದ ಹಾಗೆ ಹೆಜ್ಜೆ ಇಟ್ಟು ದಾಟಿಹೋದೆ — ಎಲ್ಲರಿಗೂ ಇದನ್ನೇ ಹೇಳಬಹುದಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ನಮ್ಮ ಮನೆಯ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಆದರೆ ಹಿಮ್ಮಡಿ. ಅಕ್ಕ ಪ್ರಾರ್ಥನೆಗೆ ನಿಂತರೆ ಎರಡೂ ಪಾದ ನೆಲಕ್ಕೆ ಮೊಳೆ ಹೊಡೆದ ಹಾಗೆ ಊರಿ ನಿಲ್ಲುವವಳು, ಆವತ್ತು ಬಲಗಾಲಿನ ಹಿಮ್ಮಡಿ ನೆಲದಿಂದ ಮೇಲಿತ್ತು, ಎರಡು ಬೆರಳಿನಷ್ಟು, ಮುಂದಿನ ಹೆಜ್ಜೆಗೆ ಎತ್ತಿದ್ದು ಅಲ್ಲೇ ನಿಂತುಬಿಟ್ಟ ಹಾಗೆ, ಸಣ್ಣಗೆ ನಡುಗುತ್ತಿತ್ತು. ನೋಡಿದೆ. ಇದೇನು ಅಂತ ಅರ್ಧ ಕ್ಷಣ ಅನ್ನಿಸಿತು. ಉಳಿದ ಅರ್ಧ ಕ್ಷಣದಲ್ಲಿ ಎದೆಯಲ್ಲಿ ಪುಟ್ಟದೊಂದು ಖುಷಿ, ದೇವರೇ, ಖುಷಿ, ಮೊದಲ ಸಲ ನಾನು ಮುಂದೆ, ಎದುರಿಗೆ ಬೆನ್ನಿಲ್ಲ, ಹೆಸರಿಲ್ಲ, ಬರೀ ರಸ್ತೆ, ನನಗಿಷ್ಟು ವೇಗವಿದೆ ಅಂತ ನನಗೇ ಗೊತ್ತಿರಲಿಲ್ಲ, ಇಪ್ಪತ್ತು ಇಪ್ಪತ್ತೊಂದು ಇಪ್ಪತ್ತೆರಡು, ಒಂದು ಹೆಸರನ್ನೂ ಹೇಳಲಿಲ್ಲ, ಸೇತುವೆಯ ಕಟಕಟೆ ಮುಟ್ಟಿ ಕೇಕೆ ಹಾಕಬೇಕು ಅನ್ನಿಸಿತು, ಹಾಕಿದೆನೋ ಏನೋ.

ವಾಪಸು ಬರುವಾಗ ದೂರದಿಂದ ಕಂಡದ್ದು ಬಿದ್ದ ಸೈಕಲ್, ಚೆಲ್ಲಿದ ಪೇಪರುಗಳು, ಪೇಪರಿನವನು ಒಂದನ್ನು ಮಡಚಿ ಅಕ್ಕನ ಮುಖಕ್ಕೆ ಗಾಳಿ ಹಾಕುತ್ತಿದ್ದ, ವಾಪಸ್ ಬರೋ ಹೊತ್ತಿಗೆ ಬಿದ್ದಿದ್ರು ಮೇಡಂ, ಪ್ರಾರ್ಥನೆ ಅಂತ ನಾನೂ ಮೊದಲು ಸುಮ್ಮನೆ ಹೋದೆ, ಅಂದು ಅಳತೊಡಗಿದ. ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯ, ಸ್ವಲ್ಪ ಬೇಗ ಕರೆತಂದಿದ್ದರೆ, ಅಂದವರು ನನ್ನ ಮುಖ ನೋಡಿ ಅಲ್ಲಿಗೇ ನುಂಗಿಕೊಂಡರು. ಭಾವ ಮನೆಯ ಚಪ್ಪಲಿಯಲ್ಲೇ ಓಡಿಬಂದರು, ನೀನು ಜೊತೆಗಿದ್ದೆ ತಾನೇ, ನೀನಿದ್ದೆ ತಾನೇ, ಇದ್ದೆ ಅಂದೆ, ಎರಡಕ್ಷರ, ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು, ಆಮೇಲೆ ಅವರ ಹಿಂದಿನಿಂದ ಇವಳು, ಸೊಳ್ಳೆ, ಹಲ್ಲುಜ್ಜಿದ ನೊರೆ ಇನ್ನೂ ತುಟಿಯ ಮೂಲೆಯಲ್ಲಿ, ಅಮ್ಮ ಏನಾದ್ರೂ ಹೇಳಿದ್ಳಾ ಚಿಕ್ಕಮ್ಮ. ಆ ನೊರೆ ನೋಡಿಕೊಂಡು ಏನೂ ಇಲ್ಲ ಅನ್ನಲು ಯಾರಿಂದಾಗುತ್ತದೆ. ನಿನ್ನ ಹೆಸರು ಹೇಳಿದಳು, ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಮಾಡ್ತಾನೇ ಹೋದಳು. ಅಷ್ಟು ಸಾಕಿತ್ತು, ಭಾವ ಸಭಾಪಾಲಕರಿಗೆ, ಅವರು ಶವಪೆಟ್ಟಿಗೆಯ ಮುಂದೆ ನಿಂತು ಎಲ್ಲರಿಗೆ, ಆಮೇಲೆ ಸಭೆಯ ಮಾಸಪತ್ರಿಕೆಯ ಎರಡನೇ ಪುಟ, ತಂಗಿಯ ತೋಳಿನಲ್ಲಿ ಅಂತ ಬೇರೆ ಸೇರಿಸಿದ್ದರು, ತೋಳು ನಾನು ಹೇಳಿದ್ದಲ್ಲ. ಗುರುತಿಲ್ಲದ ಹೆಂಗಸರು ಬಂದು ನನ್ನ ಕೈ ಸವರುತ್ತಾರೆ, ನೀನು ಪುಣ್ಯವಂತೆ. ಅಂದಿನಿಂದ ನನಗೆ ಪ್ರಾರ್ಥನೆಗೆ ಕಣ್ಣು ಮುಚ್ಚಲಾಗುವುದಿಲ್ಲ, ಎಲ್ಲರೂ ತಲೆ ಬಗ್ಗಿಸಿದಾಗ ನಾನು ಬೆಂಚುಗಳ ಕೆಳಗೆ ಹಿಮ್ಮಡಿಗಳನ್ನು ನೋಡುತ್ತೇನೆ, ಯಾರದು ಊರಿದೆ, ಯಾರದು ಎತ್ತಿದೆ, ಮುದುಕಿಯೊಬ್ಬಳದು ಸ್ವಲ್ಪ ಮೇಲಿದ್ದರೂ ಬೆಂಚಿನಿಂದ ಅರ್ಧ ಎದ್ದುಬಿಡುತ್ತೇನೆ, ಆಮೇಲೆ ನೋಡಿದರೆ ಕಾಲು ಕೆರೆದುಕೊಳ್ಳುತ್ತಿರುತ್ತಾಳೆ. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಅಳತೆಪಟ್ಟಿ ಇಟ್ಟು, ನೇರ ನೋಡಿ, ನನ್ನ ಕಿವಿಯ ಕಡೆ ನೋಡಿ ಅನ್ನುವಾಗ ಅವರ ಹಣೆ ಗೇಣು ದೂರದಲ್ಲಿ, ಯಾರಾದರೂ ಕಣ್ಣು ಮುಚ್ಚಿದರೆ ಸಾಕು, ಭುಜ ಹಿಡಿದು ಅಲುಗಿಸಿಬಿಡುತ್ತೇನೆ, ಅಯ್ಯೋ ಕಣ್ಣಿಗೆ ಕಸ ಬಿತ್ತಮ್ಮ, ಅಷ್ಟಕ್ಕೇ ಯಾಕೆ ಹಿಡಿದು ಅಲುಗಿಸ್ತೀರಿ.

ಹದಿನಾರು. ಹದಿನೇಳು. ಪಕ್ಕೆಯಲ್ಲಿ ಚಳುಕು, ಹದಿನೆಂಟರಲ್ಲಿ ಹೇಳುತ್ತೇನೆ, ಹೇಳದಿದ್ದರೆ ಇನ್ನು ಜನ್ಮದಲ್ಲಿ ಹೇಳುವುದಿಲ್ಲ, ಅಥವಾ ಹೇಳಲೇಬಾರದೇನೋ, ಅವಳಿಗೆ ಇರುವುದೇ ಅದೊಂದು, ಕಿತ್ತುಕೊಂಡು ಏನು ಕೊಡುತ್ತೇನೆ, ಒಂದು ಹಿಮ್ಮಡಿಯನ್ನೇ — ಸತ್ಯ ಹೇಳಿ ನನ್ನ ಮೈ ತೊಳೆದುಕೊಳ್ಳುವುದಕ್ಕೆ ಹುಡುಗಿಯ ಮೇಲೆ ಕೊಳೆ ನೀರು ಎರಚಲೇ, ಕರ್ತನೇ, ಇಷ್ಟು ದಿನದಲ್ಲಿ ನಿನ್ನನ್ನು ಏನೂ ಕೇಳಿಲ್ಲ, ಇದೊಂದಕ್ಕೆ ಹೌದು ಅನ್ನು ಇಲ್ಲ ಅನ್ನು, ದೀಪಗಳು ಆರಿದವು, ಸಾಲಿಗೆ ಸಾಲೇ, ಆರು ಗಂಟೆ ಆಗಿರಬೇಕು, ಅದು ಉತ್ತರವಲ್ಲ, ಯಾರೋ ಸ್ವಿಚ್ ಒತ್ತಿದರು ಅಷ್ಟೆ. ಹತ್ತೊಂಬತ್ತರಲ್ಲಿ ಇವಳು ನಿಂತಳು, ಕೈ ಸೊಂಟದ ಮೇಲೆ, ಏದುಸಿರಿನಲ್ಲೂ ನಗು, ಚಿಕ್ಕಮ್ಮ, ಒಂದು ವಿಷಯ, ಅಪ್ಪನಿಗೂ ಹೇಳಿಲ್ಲ, ಮೊದಲು ನಿನಗೇ. ಜೇಬಿನಿಂದ ಅಕ್ಕನ ಚೀಟಿ ತೆಗೆದಳು, ಮಡಿಕೆಗಳಲ್ಲಿ ಹರಿದು ಟೇಪು ಹಾಕಿದ್ದು, ರಾತ್ರಿ ಎಣಿಸಿದೆ, ಅಮ್ಮ ಸರದಿ ತಪ್ಪಿಸೋಳಲ್ಲ ಅಲ್ವಾ, ಹತ್ತೊಂಬತ್ತನೇದು ನನ್ನ ಹೆಸರಲ್ಲ, ನಂದು ಮೊದಲನೇದು, ಹತ್ತೊಂಬತ್ತು ಆರ್ಗನ್ ನುಡಿಸೋರ ತಾಯೀದು, ಮಂಡಿ ನೋವು, ನೋಡು. ಸಿಕ್ಕಿಬಿದ್ದೆ, ಸದ್ಯ, ಸಿಕ್ಕಿಬಿದ್ದೆ, ಆದರೆ ಅವಳ ಮುಖ ಬೆಳಗುತ್ತಿದೆ, ಅಂದರೆ ಅಮ್ಮ ಆ ಅಜ್ಜಿಯ ಮಂಡಿ ಅರ್ಧಕ್ಕೇ ಬಿಟ್ಟು ನನ್ನ ಹತ್ತಿರ ವಾಪಸ್ ಬಂದಿದಾಳೆ, ಯಾರಿಗೂ ಸರದಿ ತಪ್ಪಿಸದೋಳು ನನಗೋಸ್ಕರ ತಪ್ಪಿಸಿದಾಳೆ, ಇವತ್ತು ಇದನ್ನೇ ಹೇಳ್ತೀನಿ ಚಿಕ್ಕಮ್ಮ, ಹೇಳಲಾ, ಅಜ್ಜಿ ಬೇಜಾರು ಮಾಡ್ಕೊಳಲ್ಲ ತಾನೇ, ನೀನು ಕೇಳಿಸಿಕೊಂಡಾಗ ಮೊದಲು ಮಂಡಿ ಅಂದ್ಲಾ, ಆಮೇಲೆ ಸೊಳ್ಳೆ ಅಂದ್ಲಾ, ಇಲ್ಲಾ ಪೂರ್ತಿ ಹೆಸರಾ, ಹೇಗೆ ಅಂದ್ಲು, ಅದೇ ದನೀಲಿ ಹೇಳು ಒಂದ್ಸಲ.

ದನಿ. ಅವಳಿಗೆ ದನಿ ಬೇಕು. ಅದನ್ನೂ ಕೊಡಬಲ್ಲೆ, ಅಕ್ಕ ಸೊಳ್ಳೇ ಅಂತ ಎಳೆಯುವುದು ನನ್ನ ಗಂಟಲಿಗೂ ಬರುತ್ತದೆ, ಒಂದೇ ಗರ್ಭದ ಗಂಟಲು, ಬಾಯಿ ತೆರೆದೆ, ಇನ್ನೇನು ಬರುತ್ತಿತ್ತು, ಅದು ತುಟಿಯವರೆಗೆ ಬಂದದ್ದೇ ನನಗೆ ಹೇಸಿಗೆಯಾಯಿತು, ನಾನಿರಲಿಲ್ಲ ಅಂದೆ. ಏನು ಅಂದಳು. ನಾನಿಲ್ಲಿ ಇರಲಿಲ್ಲ ಸೊಳ್ಳೆ, ಅಮ್ಮ ಪ್ರಾರ್ಥನೆ ಮಾಡ್ತಿದ್ದಾಳೆ ಅಂದ್ಕೊಂಡು ದಾಟಿಹೋದೆ, ಸೇತುವೆಯವರೆಗೆ, ನಾನೇನೂ ಕೇಳಿಸ್ಕೊಳ್ಳಲಿಲ್ಲ, ನಿನ್ನ ಹೆಸರು ನಾನು ಹೇಳಿದ್ದು, ಅಮ್ಮ ಅಲ್ಲ. ನಗು ತಕ್ಷಣ ಹೋಗಲಿಲ್ಲ, ಹೋಗುವ ದಾರಿ ತಿಳಿಯದವರ ಹಾಗೆ ಸ್ವಲ್ಪ ಹೊತ್ತು ಅವಳ ಮುಖದಲ್ಲೇ ಉಳಿಯಿತು, ಚೀಟಿಯನ್ನು ಅದರ ಹಳೇ ಮಡಿಕೆಯಲ್ಲೇ ಮಡಚಿದಳು, ಬೈಯುತ್ತಾಳೆ ಅಂದುಕೊಂಡೆ, ಹೊಡೆದರೂ ಆಗುತ್ತಿತ್ತು, ಸಭಾಪಾಲಕರಿಗೆ ನಾನೇ ಹೇಳ್ತೀನಿ, ಭಾವನಿಗೂ ನಾನೇ, ಅನ್ನುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ಕಂಬವನ್ನು ಬುಡದಿಂದ ಮೇಲಕ್ಕೆ ನೋಡಿದಳು, ಮೊದಲ ಸಲ ಕಂಡ ಹಾಗೆ, ಆಮೇಲೆ ತೀರಾ ಸಣ್ಣ ದನಿಯಲ್ಲಿ, ಎಷ್ಟು ಹೊತ್ತು ನಿಂತಿದ್ಳು ಚಿಕ್ಕಮ್ಮ, ಒಬ್ಬಳೇ. ಎಷ್ಟು ಹೊತ್ತು — ಇಲ್ಲಿಂದ ಸೇತುವೆಗೆ ಒಂಬತ್ತು ಕಂಬ, ವಾಪಸು ಒಂಬತ್ತು, ಕಟಕಟೆ ಹಿಡಿದು ನಿಂತದ್ದು, ಗಾಳಿ ಕುಡಿದದ್ದು, ನನ್ನದೆಲ್ಲ ಗೊತ್ತು, ನನ್ನ ಹೊತ್ತು ನನಗೆ ಗೊತ್ತು, ಅವಳದು, ಯಾವ ಕಂಬ ದಾಟುವಾಗ ಅವಳು ಬಿದ್ದಳು, ಇಪ್ಪತ್ತರಲ್ಲೋ, ಇಪ್ಪತ್ತಾರರಲ್ಲೋ, ನಾನು ಕೇಕೆ ಹಾಕುವಾಗಲೋ, ಅಷ್ಟು ಹೊತ್ತೂ ನಿಂತೇ ಇದ್ದಳೋ, ನನ್ನ ಹೆಜ್ಜೆ ಸದ್ದು ದೂರವಾಗುವುದು ಕೇಳಿಸುತ್ತಿತ್ತೋ, ಕಂಬಕ್ಕೆ ಹಣೆ, ಮುಚ್ಚಿದ ಕಣ್ಣು, ಬಲಗಾಲಿನ ಹಿಮ್ಮಡಿ ನೆಲದಿಂದ ಎರಡು ಬೆರಳು ಮೇಲೆ, ಇಳಿಯದೆ, ಎರಡು ಬೆರಳು, ನಡುಗುತ್ತ, ಹಿಮ್ಮಡಿ